ಹಬ್ಬದ ರಾತ್ರಿ ಯಾರ ಡ್ಯೂಟಿ?

ತಾಲ್ಲೂಕು ಆಸ್ಪತ್ರೆಯೊಂದರ ಮೆಡಿಸಿನ್ ವಾರ್ಡ್‌ಗೆ ನಾನು ಇನ್‌ಚಾರ್ಜ್. ಸ್ಟಾಫ್ ನರ್ಸ್ ಅಂತಿದ್ದ ಹುದ್ದೆಗೆ ಈಗ ಶುಶ್ರೂಷಾಧಿಕಾರಿ ಅಂತ ಹೆಸರು. ರೋಗಿಗಳಿಗೆ ಮಾತ್ರ ನಾವು ಈಗಲೂ ಸಿಸ್ಟರೇ. ನಮ್ಮಂಥ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಲೆಕ್ಕ. ನಮ್ಮಲ್ಲಿ ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ 30 ಹಾಸಿಗೆಗೆ ಒಬ್ಬರು. ಈ ಮೂಲೆಯಲ್ಲಿ ಡ್ರಿಪ್ ಮುಗಿದಿರುತ್ತದೆ, ಆ ಮೂಲೆಯಲ್ಲಿ ಅಜ್ಜ ಡ್ರಿಪ್‌ಗಾಗಿ ಕೈಗೆ ಚುಚ್ಚಿದ ಕ್ಯಾನುಲಾ ಕಿತ್ತುಕೊಂಡಿರುತ್ತಾರೆ, ಅಷ್ಟರಲ್ಲಿ ಹೊಸ ಅಡ್ಮಿಷನ್. ಖಾಲಿ ಹುದ್ದೆ ತುಂಬಿಸುವುದು ನನ್ನಿಂದ ಆಗದ ಕೆಲಸ. ನನ್ನ ಕೈಯಲ್ಲಿದ್ದದ್ದು ಡ್ಯೂಟಿ ಚಾರ್ಟ್ ಒಂದೇ.

ಹೊಸತರಲ್ಲಿ ಸುಮ್ನೆ ಹಳೇ ಚಾರ್ಟ್‌ಗಳನ್ನು ತಿರುವಿ ನೋಡಿದೆ. ಯುಗಾದಿ, ಗೌರಿ, ದೀಪಾವಳಿ, ಯಾವ ಹಬ್ಬದ ರಾತ್ರಿಯಾದರೂ ಗುತ್ತಿಗೆ ಹುಡುಗಿಯರದೇ ಹೆಸರು. ಕೆಲಸ ನಮ್ಮಷ್ಟೇ, ಸಂಬಳ ಎಷ್ಟೋ ಕಡಿಮೆ, ಮೇಲೆ ಹಬ್ಬವೂ ಇಲ್ಲ. ಯಾರೂ ಬೇಕಂತ ಮಾಡಿದಂತೆ ಕಾಣಲಿಲ್ಲ. ಪರ್ಮನೆಂಟ್‌ನವರು ರಜೆ ಕೇಳುತ್ತಿದ್ದರು, ಇವರಿಗೆ ಕೇಳಲು ಭಯ. ಗುತ್ತಿಗೆ ಮುಂದುವರಿಯಬೇಕಲ್ವಾ!

ಮೊದಲು ಚೀಟಿ ಎತ್ತಿಸಿದೆ. ಅದೇ ನ್ಯಾಯ ಅಂದುಕೊಂಡಿದ್ದೆ. ಎಂಟು ತಿಂಗಳ ಕೂಸಿನ ತಾಯಿಗೆ ಒಂದೇ ಸಮನೆ ಆರು ನೈಟ್ ಬಿತ್ತು. ಅವಳು ಏನೂ ಅನ್ನಲಿಲ್ಲ. ಎರಡನೇ ಬೆಳಗ್ಗೆ ಮುಂದಿನ ಪಾಳಿಯವರಿಗೆ ಹ್ಯಾಂಡೋವರ್ ಕೊಡುವಾಗ ಹಾಲು ಸೋರಿ ಅವಳ ಯೂನಿಫಾರ್ಮ್ ಒದ್ದೆಯಾಗಿತ್ತು. ಚೀಟಿ ಅಲ್ಲಿಗೇ ಬಿಟ್ಟೆ.

ಆಮೇಲೆ 200 ಪುಟದ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟೆ. ಮುಂದಿನ ತಿಂಗಳು ಯಾವ ದಿನ ಬೇಡವೋ 20ನೇ ತಾರೀಖಿನೊಳಗೆ ಬರೆಯಬೇಕು. ಕಾರಣ ಕೇಳುವುದಿಲ್ಲ. 25ಕ್ಕೆ ಚಾರ್ಟ್ ಗೋಡೆಗೆ. ಅದಲು ಬದಲು ಮಾಡಿಕೊಂಡರೆ ಇಬ್ಬರದೂ ಸಹಿ ಬೇಕು. ಮೂರಕ್ಕಿಂತ ಜಾಸ್ತಿ ನೈಟ್ ಒಟ್ಟಿಗೆ ಇಲ್ಲ. ಹಬ್ಬದ ರಾತ್ರಿಗಳಿಗೆ ಬೇರೆಯೇ ಪುಟ: ಹೋದ ವರ್ಷ ಮಾಡಿದವರಿಗೆ ಈ ವರ್ಷ ಬಿಡುವು.

"ಇಷ್ಟು ವರ್ಷ ಸರ್ವೀಸ್ ಮಾಡಿ ಈಗ ಹಬ್ಬಕ್ಕೆ ನೈಟಾ?" ಅಂತ ಸೀನಿಯರ್‌ಗಳು ಗೊಣಗಿದರು. ಅವರೂ ಇದೇ ವಾರ್ಡ್‌ನಲ್ಲಿ ಮಂಡಿ ಸವೆಸಿದವರು, ತಪ್ಪು ಅನ್ನಲಾರೆ. ವಾದಕ್ಕೆ ಹೋಗಲಿಲ್ಲ. ನಮ್ಮಲ್ಲಿ ಇನ್‌ಚಾರ್ಜ್‌ಗೆ ನೈಟ್ ಇರುವುದಿಲ್ಲ. ಆದರೂ ದೀಪಾವಳಿ ರಾತ್ರಿಗೆ ನನ್ನ ಹೆಸರೇ ಬರೆದೆ.

ಗುತ್ತಿಗೆಯವರು ಮೊದಲೆರಡು ತಿಂಗಳು ಪುಸ್ತಕ ಮುಟ್ಟಲೇ ಇಲ್ಲ. "ಬರೆದರೆ ಏನಾದ್ರೂ ತೊಂದರೆ ಆಗತ್ತಾ ಸಿಸ್ಟರ್?" ಅಂತ ಒಬ್ಬಳು ಪಿಸುಗುಟ್ಟಿದಳು. ಜನವರಿ ಪುಟದಲ್ಲಿ ಅವಳದೇ ಮೊದಲ ಸಾಲು, ಪೆನ್ಸಿಲ್‌ನಲ್ಲಿ: "ಸಂಕ್ರಾಂತಿ ದಿನ ಬೇಡ." ಅದೇ ಅಕ್ಷರಗಳ ಮೇಲೆ ನಾನು ಪೆನ್ನಿನಲ್ಲಿ ಬರೆದೆ.