ಸುಣ್ಣದ ಗಂಟಿನಿಂದ ಅನ್ಹಾಂಗ್ವೆರಾ ತಲೆಬುರುಡೆ ಬಿಡಿಸುವ ಕ್ರಮ

ಬ್ರೆಜಿಲ್‌ನ ಈಶಾನ್ಯದಲ್ಲಿರುವ ಅರಾರಿಪೆ ಪ್ರದೇಶದ ರೊಮುವಾಲ್ಡೊ ಶಿಲಾಸ್ತರದಲ್ಲಿ ಸುಣ್ಣಕಲ್ಲಿನ ಗಂಟುಗಳು ಸಿಗುತ್ತವೆ. ಅನ್ಹಾಂಗ್ವೆರಾ ಮತ್ತು ಅದರ ಅನ್ಹಾಂಗ್ವೆರಿಡೇ ಕುಟುಂಬದ, ಮೀನು ತಿನ್ನುತ್ತಿದ್ದ ಟೆರೋಸಾರ್‌ಗಳ (ಅಳಿದುಹೋದ ಹಾರುವ ಸರೀಸೃಪಗಳ) ಮೂಳೆಗಳು ಅವುಗಳೊಳಗೆ ಅಪ್ಪಚ್ಚಿಯಾಗದೆ ಉಳಿದಿವೆ. ಟೊಳ್ಳು ಮೂಳೆ, ಗೋಡೆಯ ದಪ್ಪ ಒಂದು ಮಿಲಿಮೀಟರ್ ಆಸುಪಾಸು. ಉಳಿ ಸುತ್ತಿಗೆ ಆಡಿಸಿದರೆ ಕಲ್ಲಿನ ಜೊತೆ ಮೂಳೆಯೂ ಹೋಗುತ್ತದೆ. ಆಮ್ಲ ಬಳಸಿದರೆ ಸುಣ್ಣ ಬೇಗ ಕರಗುತ್ತದೆ, ಮೂಳೆಯ ಫಾಸ್ಫೇಟ್ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ.

ಕೆಲಸ ಹಿಡಿಯುವ ಮುನ್ನ ಸಿಟಿ ಸ್ಕ್ಯಾನ್ ಮಾಡಿಸಿ, ಮೂಳೆಗೆ ಏನಾದರೂ ನಕಲಿ ಭಾಗ ಸೇರಿಸಿದ್ದರೆ ತಿಳಿಯುತ್ತದೆ. ಇದೇ ಸ್ತರದ ಇರಿಟೇಟರ್ ಡೈನೋಸಾರ್‌ನ ಮೂತಿಯನ್ನು ಮಾರುವವರು ಗಾರೆ ಮೆತ್ತಿ ಉದ್ದ ಮಾಡಿದ್ದರು. 1996ರಲ್ಲಿ ಅದಕ್ಕೆ ಆ ಹೆಸರು ಬಂದದ್ದೇ ಸಂಶೋಧಕರಿಗಾದ ಕಿರಿಕಿರಿಯಿಂದ. ಅಂದಹಾಗೆ, 1942ರ ಕಾನೂನಿನಂತೆ ಬ್ರೆಜಿಲ್‌ನ ಪಳೆಯುಳಿಕೆಗಳೆಲ್ಲ ಅಲ್ಲಿನ ಸರ್ಕಾರದ ಸ್ವತ್ತು. ಹಾಗಾಗಿ ಇದು ಸಂಗ್ರಹಾಲಯದ ಪ್ರಯೋಗಾಲಯದಲ್ಲಿ ನಡೆಯುವ ಕೆಲಸ.

ಹೊರಗೆ ಕಾಣುವ ಮೂಳೆಗೆ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ತೆಳುವಾಗಿ ಹಚ್ಚಿ, ಪೂರ್ತಿ ಒಣಗಲು ಬಿಡಿ. ಮೂಳೆಯಲ್ಲಿ ತೇವವಿದ್ದರೆ ಲೇಪ ಬೆಳ್ಳಗಾಗುತ್ತದೆ, ಹಿಡಿತವೂ ಇರುವುದಿಲ್ಲ. ಹತ್ತಿರ ಬೆಂಕಿ ಬೇಡ.

10 ಲೀಟರ್ ದ್ರಾವಣಕ್ಕೆ 9.5 ಲೀಟರ್ ನೀರು, 500 ಮಿಲಿ ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ, 10 ಗ್ರಾಂ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಸಾಕು. ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರಲ್ಲ. ಫಾಸ್ಫೇಟನ್ನು ಮರೆತರೆ ಆಮ್ಲ ಮೂಳೆಯನ್ನೇ ಮೇಯುತ್ತದೆ. ಅಡುಗೆಮನೆಯ ವಿನೆಗರ್‌ನಲ್ಲಿರುವುದೂ ಇದೇ ಆಮ್ಲ, ಆದರೂ ಅದನ್ನು ಬಳಸಬೇಡಿ: ಅದರಲ್ಲಿ ಬೇರೆ ಏನೇನು ಸೇರಿದೆಯೋ ಲೆಕ್ಕ ಸಿಗದು. ಪ್ಲಾಸ್ಟಿಕ್ ತೊಟ್ಟಿ, ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಬೇಕು.

ಗಂಟನ್ನು ಒಂದು ದಿನ ಮುಳುಗಿಸಿಟ್ಟರೆ ಎರಡು ಮೂರು ದಿನ ಹರಿಯುವ ನೀರಿನಲ್ಲಿ ತೊಳೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ತೊಳೆತ ಸಾಲದಿದ್ದರೆ ಸುಣ್ಣ ಆಮ್ಲದಲ್ಲಿ ಕರಗಿ ಆದ ಕ್ಯಾಲ್ಸಿಯಂ ಅಸಿಟೇಟ್ ಎಂಬ ಲವಣ ಒಳಗುಳಿದು ಒಣಗುವಾಗ ಹರಳುಗಟ್ಟಿ ಮೂಳೆಯನ್ನು ಸಿಪ್ಪೆಸಿಪ್ಪೆಯಾಗಿ ಸಿಡಿಸುತ್ತದೆ. ತೊಳೆದು ಒಣಗಿಸಿ, ಹೊಸದಾಗಿ ಕಂಡ ಮೂಳೆಗೆ ಲೇಪ ಹಚ್ಚಿ ಮತ್ತೆ ಮುಳುಗಿಸಿ. ಒಂದು ತಲೆಬುರುಡೆಗೆ ತಿಂಗಳುಗಳೇ ಹಿಡಿಯಬಹುದು. ಟೊಳ್ಳಿನೊಳಗೆ ತುಂಬಿದ ಕ್ಯಾಲ್ಸೈಟ್ (ಸುಣ್ಣದ ಖನಿಜ) ಕರಗಿದರೆ ಮೂಳೆಗೆ ಆಸರೆ ತಪ್ಪುತ್ತದೆ. ಆದ್ದರಿಂದ ಕೆಳಭಾಗದ ಕಲ್ಲನ್ನು ಹಾಗೇ ಬಿಡುವುದು ಜಾಣತನ.

ಮೂತಿ ಹೊರಬಂದಾಗ ಗುರುತು ನೋಡಿ. ಅನ್ಹಾಂಗ್ವೆರಾದ ಮೂಳೆಜುಟ್ಟು ಮೂತಿಯ ತುದಿಯಿಂದ ತುಸು ಹಿಂದೆ ಏಳುತ್ತದೆ, ಟ್ರೋಪಿಯೊಗ್ನಾಥಸ್ ಎಂಬ ಇನ್ನೊಂದು ಟೆರೋಸಾರ್‌ನಲ್ಲಿ ತುದಿಯಿಂದಲೇ. ಮೇಲ್ದವಡೆಯ 5 ಮತ್ತು 6ನೇ ಹಲ್ಲಿನ ಕುಳಿಗಳು 4 ಮತ್ತು 7ನೆಯದಕ್ಕಿಂತ ಚಿಕ್ಕವಾಗಿದ್ದರೆ ಅನ್ಹಾಂಗ್ವೆರಾ ಇರಬಹುದೆಂಬ ಊಹೆ ಗಟ್ಟಿಯಾಗುತ್ತದೆ.