ರಸ್ತೆ ಸಭೆಗೆ ಬಾರದವರ ಮಾತು ಕಡತ ಸೇರಬೇಕು: ಬಸ್ ಸ್ಟಾಪಿನ ಸುತ್ತ ನಡಿಗೆ ಸಮೀಕ್ಷೆ ಮಾಡುವುದು ಹೇಗೆ?

ವಾರ್ಡಿನಲ್ಲಿ ರಸ್ತೆ ಅಭಿವೃದ್ಧಿಯ ಸಭೆ ಕರೆದರೆ ಬರುವವರು ಬಹುಪಾಲು ಸ್ವಂತ ಮನೆಯವರು, ಕಾರು ಬೈಕು ಇದ್ದವರು, ನಿವೃತ್ತರು. ಹಾಗಾಗಿ ಮಾತು ಪಾರ್ಕಿಂಗ್, ಗುಂಡಿ, ಡಾಂಬರು ದಾಟಿ ಮುಂದೆ ಹೋಗುವುದಿಲ್ಲ. ಬೆಳಕು ಹರಿಯುವ ಮೊದಲೇ ಪೊರಕೆ ಹಿಡಿದು ಹೊರಡುವ ಪೌರಕಾರ್ಮಿಕರು, ದಿನಕ್ಕೆ ನಾಲ್ಕು ಮನೆ ಕೆಲಸ ಮುಗಿಸುವ ಹೆಂಗಸರು, ಗಾರ್ಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಕತ್ತಲಲ್ಲಿ ಬಸ್ ಇಳಿಯುವವರು, ಬಿಳಿ ಕೋಲು ಹಿಡಿದು ನಡೆಯುವವರು ಆ ರಸ್ತೆಯಲ್ಲೇ ಹೆಚ್ಚು ಹೊತ್ತು ಕಾಲ್ನಡಿಗೆಯಲ್ಲಿರುತ್ತಾರೆ. ಅವರ ಒಂದು ಮಾತೂ ಎಂಜಿನಿಯರ್ ಕಡತ ಸೇರುವುದಿಲ್ಲ.

ಸರ್ಕಾರಿ ಲೆಕ್ಕದಲ್ಲೂ ಅದೇ ಕೊರತೆ. 2011ರ ಜನಗಣತಿಯಲ್ಲಿ ಕೆಲಸದ ಜಾಗ ಎಷ್ಟು ದೂರ, ಯಾವುದರಲ್ಲಿ ಹೋಗುತ್ತೀರಿ ಎಂದು ಕೇಳಲಾಗಿತ್ತು. ಆದರೆ ಕೇಳಿದ್ದು ಕೃಷಿ ಮತ್ತು ಗೃಹ ಕೈಗಾರಿಕೆ ಬಿಟ್ಟು ಉಳಿದ ಕೆಲಸಗಾರರನ್ನು ಮಾತ್ರ. ಮಗುವನ್ನು ಅಂಗನವಾಡಿಗೆ ಬಿಟ್ಟು, ರೇಷನ್ ಅಂಗಡಿಯಲ್ಲಿ ಸಾಲು ನಿಂತು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದ ಹೆಂಗಸಿನ ಓಡಾಟ ಅದರಲ್ಲಿ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ ಟಿಕೆಟಿನ ಖರ್ಚೇನೋ ತಪ್ಪಿತು. ಮನೆಯಿಂದ ಬಸ್ ಸ್ಟಾಪಿನವರೆಗಿನ ದಾರಿ ಮಾತ್ರ ಹಾಗೇ ಉಳಿದಿದೆ. ಆ ದಾರಿಯನ್ನು ಅಳೆದು, ಅಲ್ಲಿ ನಡೆಯುವವರಿಂದಲೇ ಕೇಳಿ, ಪಾಲಿಕೆ ತಳ್ಳಿಹಾಕಲಾಗದಂತೆ ಬರೆದುಕೊಡುವ ವಿಧಾನ ಇಲ್ಲಿದೆ. ಎಂಟು ಹತ್ತು ಜನ, ಮೂರು ವಾರ ಸಾಕು.

ಮೊದಲು ಗಡಿ ಗುರುತಿಸಿ

ಇಡೀ ವಾರ್ಡಿಗೆ ಕೈ ಹಾಕಬೇಡಿ. ಒಂದೇ ಬಸ್ ಸ್ಟಾಪ್ ಆರಿಸಿ, ಅದರ ಸುತ್ತ 500 ಮೀಟರ್ ಗಡಿ ಹಾಕಿಕೊಳ್ಳಿ. ಕೊಳೆಗೇರಿ, ಸರ್ಕಾರಿ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಸಂತೆ ಇವುಗಳಲ್ಲಿ ಎರಡಾದರೂ ಆ ಗಡಿಯೊಳಗಿರಲಿ.

ನಂತರ ಎಣಿಕೆ. ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 8.30ಕ್ಕೆ ತಲಾ 15 ನಿಮಿಷ ಸ್ಟಾಪಿನ ಬಳಿ ನಿಂತು ಗಂಡಸರು, ಹೆಂಗಸರು, ಮಕ್ಕಳು, ಕೋಲು ಅಥವಾ ಗಾಲಿಕುರ್ಚಿ ಬಳಸುವವರು ಎಷ್ಟು ಜನ ನಡೆದುಹೋದರು ಎಂದು ಗೀಟು ಹಾಕಿ. ಫುಟ್‌ಪಾತ್ ಇದ್ದೂ ರಸ್ತೆಗಿಳಿದು ನಡೆದವರದು ಬೇರೆ ಗೀಟು. ಮುಂದೆ ಬಹಳ ಕೆಲಸಕ್ಕೆ ಬರುವ ಅಂಕಿ ಇದು. ಗಾಲಿಕುರ್ಚಿಯವರು ಒಬ್ಬರೂ ಕಾಣದಿದ್ದರೆ ಆ ಭಾಗದಲ್ಲಿ ಅಂಥವರಿಲ್ಲ ಎಂದು ಬರೆಯಬೇಡಿ. ಮನೆಯಿಂದ ಹೊರಬರಲು ದಾರಿ ಇಲ್ಲದಿರಬಹುದು. ಆಶಾ ಕಾರ್ಯಕರ್ತೆಯರನ್ನು ಕೇಳಿ, ಯಾವ ಬೀದಿಯಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಗೊತ್ತಿರುತ್ತದೆ.

ಸಭೆ ಅವರ ಹೊತ್ತಿಗೆ, ಅವರ ಜಾಗದಲ್ಲಿ

ಸಮೀಕ್ಷೆಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ. ಶನಿವಾರ ಬೆಳಗ್ಗೆ 11ಕ್ಕೆ ಸಮುದಾಯ ಭವನದಲ್ಲಿ ಸಭೆ ಇಟ್ಟು, ಇಂಗ್ಲಿಷ್ ಸ್ಲೈಡ್ ತೋರಿಸಿ, ‘ಕರೆದಿದ್ದೆವು, ಯಾರೂ ಬರಲಿಲ್ಲ’ ಎಂದು ಬರೆದರೆ ಏನೂ ಆಗುವುದಿಲ್ಲ. ಮನೆಗೆಲಸದವರಿಗೆ ಬಿಡುವು ಸಿಗುವುದು ಮಧ್ಯಾಹ್ನ 2ರಿಂದ 4ರ ನಡುವೆ. ಗಾರ್ಮೆಂಟ್‌ನವರಿಗೆ ಭಾನುವಾರ ಮಧ್ಯಾಹ್ನವೇ ಆಗಬೇಕು. ತಳ್ಳುಗಾಡಿಯವರನ್ನು ವ್ಯಾಪಾರ ಬಿಡಿಸಿ ಕರೆಯಬಾರದು, ಗಾಡಿಯ ಬಳಿಗೇ ಹೋಗಬೇಕು. ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು ಬಲ್ಲವರೊಬ್ಬರು ಜೊತೆಗಿರಲೇಬೇಕು. ಹೆಂಗಸರ ಗುಂಪಿನೊಡನೆ ಹೆಂಗಸರೇ ಮಾತಾಡಲಿ. ಅರ್ಧ ದಿನ ಬರುವವರಿಗೆ ಅರ್ಧ ದಿನದ ಕೂಲಿ ಕೊಡಿ, ಇದನ್ನು ಮೊದಲೇ ಖರ್ಚಿನ ಪಟ್ಟಿಯಲ್ಲಿ ಸೇರಿಸಿ.

‘ನಿಮ್ಮ ಸಮಸ್ಯೆ ಏನು?’ ಎಂದು ಕೇಳಿದರೆ ‘ಏನೂ ಇಲ್ಲ, ಅಡ್ಜಸ್ಟ್ ಮಾಡ್ಕೋತೀವಿ’ ಎಂಬ ಉತ್ತರ ಬರುತ್ತದೆ. ‘ಅಮ್ಮಾ, ನಿನ್ನೆ ಎದ್ದಾಗಿನಿಂದ ಎಲ್ಲೆಲ್ಲಿ ಹೋಗಿದ್ರಿ?’ ಎಂದು ಶುರು ಮಾಡಿ. ಹಳೆಯ ಫ್ಲೆಕ್ಸಿನ ಹಿಂಬದಿಯ ಬಿಳಿಯ ಮೇಲೆ ಬಸ್ ಸ್ಟಾಪ್, ದೇವಸ್ಥಾನ, ಶಾಲೆ, ಮೋರಿಗಳ ಗೆರೆ ಎಳೆದು ನೆಲಕ್ಕೆ ಹಾಸಿ. ದಿನಾ ಹೋಗುವ ಜಾಗಕ್ಕೆ ಕಡಲೆಕಾಳು, ಬಿದ್ದ ಅಥವಾ ಎಡವಿದ ಜಾಗಕ್ಕೆ ಸಣ್ಣ ಕಲ್ಲು, ಭಯವಾಗುವ ಜಾಗಕ್ಕೆ ಹುಣಸೆ ಬೀಜ ಇಡಲು ಹೇಳಿ. ಓದು ಬರಹ ಬಾರದವರೂ ಬಾಗಿ ಬೀಜ ಇಡುತ್ತಾರೆ. ಒಬ್ಬರು ಇಟ್ಟ ಕಡೆಯೇ ಇನ್ನೊಬ್ಬರು ಇಟ್ಟಾಗ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹುಣಸೆ ಬೀಜ ಗುಂಪಾಗಿ ಬೀಳುವುದು ಬಹಳ ಸಲ ಕೆಟ್ಟ ದೀಪದ ಕೆಳಗೆ, ಖಾಲಿ ಸೈಟಿನ ಗೋಡೆ ಪಕ್ಕ, ಬಾರ್ ಮುಂದೆ. ಮುಗಿದ ಮೇಲೆ ನೇರ ಮೇಲಿಂದ ಒಂದು ಫೋಟೊ ತೆಗೆಯಿರಿ. ಜನರ ಮುಖ ಅದರಲ್ಲಿ ಬರುವುದು ಬೇಡ.

ಖಾಲಿ ಹಾಳೆಯ ಮೇಲೆ ಸಹಿ ಕೇಳಬಾರದು. ಬಾಡಿಗೆದಾರರಿಗೂ ಬೀದಿಬದಿ ವ್ಯಾಪಾರಿಗಳಿಗೂ ಅದು ಎತ್ತಂಗಡಿಯ ಪಟ್ಟಿಯಾದೀತೆಂಬ ಭಯವಿದೆ, ಭಯಕ್ಕೆ ಕಾರಣವೂ ಇದೆ.

ಅಳತೆ

5 ಮೀಟರ್ ಟೇಪು, ಸೀಮೆಸುಣ್ಣ, 1 ಮೀಟರ್ ಉದ್ದದ ನೇರ ಹಲಗೆ, ಗಾರೆಯವರ ರಸಮಟ್ಟ, ಸೆಕೆಂಡ್ ಎಣಿಸುವ ಮೊಬೈಲ್ ಇದ್ದರೆ ಆಯಿತು. ಗಾಲಿಕುರ್ಚಿ ಬಾಡಿಗೆಗೆ ತಂದು ಸ್ವಯಂಸೇವಕರನ್ನು ಕೂರಿಸಿ ನೋಡುವ ಅಭ್ಯಾಸ ಬೇಡ. ದಿನವೂ ಬಳಸುವವರನ್ನೇ ಕರೆಯಿರಿ, ಎಲ್ಲಿ ಚಕ್ರ ಸಿಕ್ಕಿಕೊಳ್ಳುತ್ತದೆ ಎಂದು ಹತ್ತು ಹೆಜ್ಜೆ ಮೊದಲೇ ಹೇಳುತ್ತಾರೆ. ದೃಷ್ಟಿ ಇಲ್ಲದವರ ಕೈ ಹಿಡಿದು ಎಳೆಯಬೇಡಿ, ಬೇಕೇ ಎಂದು ಕೇಳಿ ನಿಮ್ಮ ಮೊಣಕೈ ಕೊಡಿ.

ರಸ್ತೆ ಕಾಮಗಾರಿಯ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ (ಐಆರ್‌ಸಿ) 103ನೇ ಮಾರ್ಗಸೂಚಿಯ (2012) ಪ್ರಕಾರ ವಸತಿ ಪ್ರದೇಶದ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದ ನಡಿಗೆಯ ಪಟ್ಟಿ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ನೆಲದಿಂದ 2.2 ಮೀಟರ್ ಎತ್ತರದವರೆಗೂ ಖಾಲಿ ಇರಬೇಕು. ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಫುಟ್‌ಪಾತ್ ಇಷ್ಟಗಲ ಇದೆ ಎಂದು ಗೋಡೆಯಿಂದ ಅಂಚಿನವರೆಗೆ ಅಳೆದರೆ ತಪ್ಪಾಗುತ್ತದೆ. ಟ್ರಾನ್ಸ್‌ಫಾರ್ಮರ್, ಮರ, ಕಂಬ ಇರುವ ಕಡೆ ಉಳಿದ ಜಾಗವನ್ನೇ ಅಳೆಯಬೇಕು. ನಮ್ಮೂರುಗಳಲ್ಲಿ ಫುಟ್‌ಪಾತ್ ಎಂದರೆ ಬಹುತೇಕ ಮೋರಿ ಮೇಲಿನ ಕಲ್ಲು ಚಪ್ಪಡಿ. ಅದು ಸಹಜವಾಗಿಯೇ ಎತ್ತರ, ಮೇಲಾಗಿ ಮನೆಮನೆಯ ಗೇಟಿನ ಮುಂದೆ ಇಳಿಜಾರು. ಮಂಡಿನೋವಿನವರು ರಸ್ತೆಗಿಳಿಯುವುದು ಇದರಿಂದಲೇ. ಹಾಗಾಗಿ 100 ಮೀಟರಿನಲ್ಲಿ ಎಷ್ಟು ಸಲ ಹತ್ತಿ ಇಳಿಯಬೇಕಾಯಿತು ಎಂಬುದನ್ನೂ ಎಣಿಸಿ.

ಗಾಲಿಕುರ್ಚಿ ಹತ್ತಿ ಇಳಿಯುವ ಇಳಿಜಾರು 1:12ಕ್ಕಿಂತ, ಅಂದರೆ 12 ಅಡಿ ಉದ್ದಕ್ಕೆ 1 ಅಡಿ ಏರಿಕೆಗಿಂತ ಕಡಿದಾಗಿರಬಾರದು. ಪರೀಕ್ಷೆ ಸುಲಭ: ಹಲಗೆಯ ಒಂದು ತುದಿಯನ್ನು ಇಳಿಜಾರಿನ ಮೇಲ್ಭಾಗಕ್ಕೆ ಊರಿ, ಇನ್ನೊಂದು ತುದಿಯನ್ನು ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ ಎತ್ತಿ ಹಿಡಿಯಿರಿ. ಆ ತುದಿಯ ಕೆಳಗಿನ ಸಂದು 83 ಮಿ.ಮೀ. ದಾಟಿದರೆ ಇಳಿಜಾರು ಕಡಿದು. ಇಳಿಜಾರಿನ ಬುಡ ರಸ್ತೆಗೆ ಸೇರುವಲ್ಲೂ ಬೆರಳಾಡಿಸಿ ನೋಡಿ. ಗುತ್ತಿಗೆದಾರರು ಅಲ್ಲಿ ಒಂದಂಗುಲದ ತುಟಿ ಬಿಟ್ಟಿರುತ್ತಾರೆ, ಗಾಲಿಕುರ್ಚಿಯ ಮುಂದಿನ ಸಣ್ಣ ಚಕ್ರ ಅದಕ್ಕೇ ಬಡಿದು ನಿಲ್ಲುತ್ತದೆ.

ಬೈಕು ಹತ್ತದಂತೆ ನೆಟ್ಟ ಗೂಟಗಳ ವಿಷಯ ತೊಡಕಿನದು. ಗಾಲಿಕುರ್ಚಿಗೆ ಕನಿಷ್ಠ 900 ಮಿ.ಮೀ. ಬಿಡಬೇಕು, ಅಷ್ಟು ಬಿಟ್ಟರೆ ಬೈಕೂ ನುಸುಳುತ್ತದೆ. ಹಾಗೆಂದು ಸಂದು ಕಿರಿದು ಮಾಡುವುದು ತಪ್ಪು ಎಂದೇ ಬರೆಯಿರಿ. ಬೈಕಿಗೆ ದಂಡ ಹಾಕಬಹುದು, ಗಾಲಿಕುರ್ಚಿಗೆ ಬೇರೆ ದಾರಿ ಇಲ್ಲ. ಹಳದಿ ಉಬ್ಬು ಟೈಲುಗಳಲ್ಲಿ ಗೆರೆ ಇದ್ದುದು ‘ಮುಂದೆ ನಡೆ’, ಚುಕ್ಕೆ ಇದ್ದುದು ‘ನಿಲ್ಲು, ಎಚ್ಚರ’. ಗೆರೆಯ ಸಾಲು ಕಂಬಕ್ಕೋ ಮರಕ್ಕೋ ಹೋಗಿ ಮುಟ್ಟಿದ್ದರೆ ಫೋಟೊ ತೆಗೆದು ಜಾಗ ಗುರುತಿಸಿ.

ಸಿಗ್ನಲ್ ಇದ್ದರೆ ಪಾದಚಾರಿಗಳ ಹಸಿರು ಎಷ್ಟು ಸೆಕೆಂಡ್ ಎಂದು ಮೂರು ಸಲ ಎಣಿಸಿ. ಸೆಕೆಂಡಿಗೆ 1.2 ಮೀಟರ್ ನಡೆಯುವವರು 14 ಮೀಟರ್ ರಸ್ತೆ ದಾಟಲು 12 ಸೆಕೆಂಡ್ ಸಾಕು. ವಯಸ್ಸಾದವರ ನಡಿಗೆ 0.8 ಮೀಟರ್ ಎಂದಿಟ್ಟುಕೊಂಡರೆ ಹದಿನೇಳೂವರೆ ಬೇಕು. ಬೆಳಕಿನ ಪರೀಕ್ಷೆಗೆ ರಾತ್ರಿ 8ರ ನಂತರ, ಎದುರು 4 ಮೀಟರಿನಲ್ಲಿ ನಿಂತವರ ಮುಖ ಗುರುತು ಸಿಗುತ್ತದೆಯೇ ನೋಡಿ. ಸಿಗದ ಕಡೆಯ ಕಂಬದ ಸಂಖ್ಯೆ ಬರೆದುಕೊಳ್ಳಿ.

ತಳ್ಳುಗಾಡಿಯ ಪ್ರಶ್ನೆ

ಸಭೆಯಲ್ಲಿ ಯಾರಾದರೂ ‘ಮೊದಲು ತರಕಾರಿ ಗಾಡಿ ತೆಗೆಸಿ’ ಎನ್ನುತ್ತಾರೆ. ಅಲ್ಲೂ ಟೇಪು ಹಿಡಿಯಿರಿ. 1.8 ಮೀಟರ್ ನಡಿಗೆಗೆ ಬಿಟ್ಟು, ಮರ ಮತ್ತು ಕಂಬಗಳ ಸಾಲಿನಲ್ಲೇ ಗಾಡಿಗೂ ಜಾಗ ಸಿಗುತ್ತದೆಯೇ ನೋಡಿ. ಎಷ್ಟೋ ಕಡೆ ಸಿಗುತ್ತದೆ. ರಾತ್ರಿ ಗಾಡಿಯ ದೀಪ ಇರುವ ಕಡೆ ಹೆಂಗಸರು ಧೈರ್ಯವಾಗಿ ನಡೆಯುತ್ತಾರೆ ಎಂಬುದೂ ಬೀಜದ ನಕ್ಷೆಯಲ್ಲಿ ಕಾಣಬಹುದು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ವ್ಯಾಪಾರಿಗಳ ಅಧಿಕೃತ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ಅದೇ ಕಾಯ್ದೆಯಡಿ ರಚನೆಯಾಗುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಜಾಗ ಬದಲಿಸುವ ಮಾತು ಅಲ್ಲಿಗೆ ಹೋಗಲಿ.

ಮನವಿ: ಒಂದಲ್ಲ, ಐದು

ಎಲ್ಲ ದೂರನ್ನೂ ಒಂದೇ ಪತ್ರದಲ್ಲಿ ತುಂಬಿದರೆ ‘ಇದು ನಮ್ಮದಲ್ಲ’ ಎಂಬ ಷರಾದೊಂದಿಗೆ ಸುತ್ತುತ್ತಿರುತ್ತದೆ. ಫುಟ್‌ಪಾತ್, ಬೀದಿದೀಪ ಪಾಲಿಕೆಗೆ, ಸಿಗ್ನಲ್ ಸಮಯ ಸಂಚಾರ ಪೊಲೀಸರಿಗೆ, ಬಸ್ಸಿನ ವೇಳೆ ಬೆಂಗಳೂರಿನಲ್ಲಿ ಬಿಎಂಟಿಸಿಗೆ, ಹುಬ್ಬಳ್ಳಿ ಕಡೆ ವಾಯವ್ಯ ಸಾರಿಗೆಗೆ, ಟ್ರಾನ್ಸ್‌ಫಾರ್ಮರ್ ಬೆಸ್ಕಾಂ ಅಥವಾ ಹೆಸ್ಕಾಂಗೆ, ಮ್ಯಾನ್‌ಹೋಲ್ ಜಲಮಂಡಳಿಗೆ. ಪ್ರತಿ ಅಂಶಕ್ಕೂ ಜಾಗ, ಈಗಿನ ಅಳತೆ, ಇರಬೇಕಾದ ಅಳತೆ, ಫೋಟೊ, ಯಾರಿಗೆ ತೊಂದರೆ ಎಂಬ ಐದು ಕಾಲಂ ಇರಲಿ. ‘ಫುಟ್‌ಪಾತ್ ಸರಿಯಿಲ್ಲ’ ಎಂದರೆ ಅಂದಾಜು ಪಟ್ಟಿ ಮಾಡಲು ಬರುವುದಿಲ್ಲ. ‘ಶಾಲೆಯ ಗೇಟಿನಿಂದ 40 ಮೀಟರ್ ಪೂರ್ವಕ್ಕೆ ಅಂಚು 310 ಮಿ.ಮೀ., ಇರಬೇಕಾದ್ದು 150’ ಎಂದರೆ ಎಂಜಿನಿಯರ್ ಕೆಲಸ ಅರ್ಧ ಮುಗಿದಂತೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರ 41ನೇ ಸೆಕ್ಷನ್ ಸಾರಿಗೆ ಮತ್ತು ರಸ್ತೆಗಳು ಅಂಗವಿಕಲರೂ ಬಳಸುವಂತಿರಬೇಕು ಎನ್ನುತ್ತದೆ. ಅಡೆತಡೆಯಿಲ್ಲದ ಫುಟ್‌ಪಾತಿನ ಹಕ್ಕು ಸಂವಿಧಾನದ 21ನೇ ವಿಧಿಯ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಎರಡನ್ನೂ ಉಲ್ಲೇಖಿಸಿ. ಪಾಲಿಕೆ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಬರುವುದರಿಂದ ಮನವಿ ನವೆಂಬರ್‌ನಲ್ಲೇ ತಲುಪಲಿ. ಸ್ವೀಕೃತಿ ಮೊಹರು ಬಿಡಬೇಡಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಉತ್ತರಕ್ಕೆ 30 ದಿನ ಅವಕಾಶ.

ಮನವಿ ಕೊಟ್ಟ ಹದಿನೈದು ದಿನದೊಳಗೆ ಅದೇ ಜಾಗಕ್ಕೆ, ಅದೇ ಹೊತ್ತಿಗೆ ಹೋಗಿ ಏನು ಬರೆದಿದ್ದೇವೆ ಎಂದು ಗಟ್ಟಿಯಾಗಿ ಓದಿ ಹೇಳಿ. ಬಿಟ್ಟುಹೋದದ್ದು ಆಗ ಹೊರಬರುತ್ತದೆ. ಕೆಲಸ ಶುರುವಾದರೆ ಕಾಂಕ್ರೀಟ್ ಹಾಕುವ ಮುನ್ನ, ಹಲಗೆ ಕಟ್ಟಿದ ದಿನವೇ ರಸಮಟ್ಟ ಇಟ್ಟು ನೋಡಿ. ಮುಗಿದ ಮೇಲೆ ಮೊದಲ ಜೋರು ಮಳೆಯ ಮರುದಿನ ಮತ್ತೆ ಹೋಗಿ ಇಳಿಜಾರಿನ ಬುಡದಲ್ಲಿ ನೀರು ನಿಂತಿದೆಯೇ ಪರಿಶೀಲಿಸಿ. ನಿಂತಿದ್ದರೆ ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ (ದೋಷವನ್ನು ಅವರೇ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕಾದ ಅವಧಿ) ಮುಗಿಯುವುದರೊಳಗೆ ಫೋಟೊ ಸಹಿತ ಲಿಖಿತ ದೂರು ಕೊಡಿ.