ಆಪರೇಟರ್‌ಗೆ ಅಡ್ಮಿನ್ ಕೊಡದೆ ವೇಬ್ರಿಡ್ಜ್ ಸಾಫ್ಟ್‌ವೇರ್ ಓಡಿಸಿದ್ದು

ಮೆಕ್ಕೆಜೋಳದ ಸೀಸನ್‌ನಲ್ಲಿ ದಾವಣಗೆರೆಯ ವೇಬ್ರಿಡ್ಜ್‌ಗಳಲ್ಲಿ, ಅಂದರೆ ಲಾರಿ ತೂಕ ಹಾಕೋ ಕಡೆ, ಹಗಲಿಗೊಬ್ಬ, ರಾತ್ರಿಗೊಬ್ಬ ಆಪರೇಟರ್. ತೂಕದ ಚೀಟಿ ಮಾಡೋ ಹಳೇ 32 ಬಿಟ್ ಪ್ರೋಗ್ರಾಂ ಅಡ್ಮಿನ್ (ಕಂಪ್ಯೂಟರ್‌ನ ಪೂರ್ತಿ ಹಕ್ಕು) ಇಲ್ಲದೆ ಓಡೋದೇ ಇಲ್ಲ ಅಂತ ಎಲ್ಲರ ವಾದ. ಮಾರಿದವರು ಹೊಸ ವರ್ಷನ್‌ಗೆ ಹದಿನೆಂಟು ಸಾವಿರದ ಹತ್ತಿರ ಕೇಳಿದ್ದರು. ಹಳೇದೇ ಹೋದ ಸೀಸನ್‌ನಿಂದ ಕಡಿಮೆ ಹಕ್ಕಿನ ಸ್ಟ್ಯಾಂಡರ್ಡ್ ಯೂಸರ್‌ನಲ್ಲೇ ಓಡ್ತಿದೆ. ಖರ್ಚು ಬ್ಯಾಕಪ್ ಪೆನ್‌ಡ್ರೈವ್‌ಗೆ ನಾನೂರು ಚಿಲ್ಲರೆ.

ಅಡ್ಮಿನ್ ಇಲ್ಲದೆ ಓಡಿಸಿದರೆ ಎರರ್ ಬರಲ್ಲ, ಅದೇ ತಾಪತ್ರಯ. ಇನ್‌ಸ್ಟಾಲ್ ಆಗಿರೋ ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲಿ ಬರೆಯೋಕೆ ಹೋದರೆ ವಿಂಡೋಸ್ ಸದ್ದಿಲ್ಲದೆ ಅದನ್ನು ಆಯಾ ಯೂಸರ್‌ನ ಆಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಒಳಗೆ ಇಡುತ್ತೆ. ಹಗಲಿನ ಚೀಟಿ ರಾತ್ರಿಯವನಿಗೆ ಕಾಣಲ್ಲ, ನಂಬರ್ ಎರಡೆರಡು ಸಲ ಬರುತ್ತೆ. ಸಾಹುಕಾರರು ಅಡ್ಮಿನ್‌ನಲ್ಲಿ ತೆಗೆದರೆ ಮೂರನೇ ಲೆಕ್ಕ.

ಚೀಟಿಗಳಿರೋ ಎಂಡಿಬಿ (ಆಕ್ಸೆಸ್ ಡೇಟಾಬೇಸ್) ಫೈಲ್‌ಗಷ್ಟೇ ಪರ್ಮಿಷನ್ ಕೊಟ್ಟರೆ ಸಾಲದು. ಪಕ್ಕದಲ್ಲೇ, ಯಾರು ತೆರೆದಿದ್ದಾರೆ ಅಂತ ಬರೆದಿಡೋ ಎಲ್‌ಡಿಬಿ ಲಾಕ್ ಫೈಲ್ ಹುಟ್ಟಬೇಕು, ಅಳಿಯಬೇಕು. ಡೇಟಾಬೇಸ್ ಚಿಕ್ಕದು ಮಾಡೋ ಕಾಂಪ್ಯಾಕ್ಟ್ ಕೊಟ್ಟಾಗ ಎಂಡಿಬಿಯೇ ಹೊಸದಾಗುತ್ತೆ, ಕೊಟ್ಟ ಪರ್ಮಿಷನ್ ಹೋಗುತ್ತೆ. ಎಲ್ಲ ಯೂಸರ್‌ಗೂ ಸೇರಿದ ಪ್ರೋಗ್ರಾಂಡೇಟಾ ಫೋಲ್ಡರ್‌ನಲ್ಲಿ ಇಟ್ಟರೆ ಒಬ್ಬ ಮಾಡಿದ ಫೈಲ್ ಇನ್ನೊಬ್ಬ ತಿದ್ದೋಕಾಗಲ್ಲ. ಬೇರೆ ಯೂಸರ್ ಹೆಸರಲ್ಲಿ ಪ್ರೋಗ್ರಾಂ ತೆಗೆಯೋ ರನ್‌ಆಸ್ ಕಮಾಂಡ್‌ನಲ್ಲಿ ಪಾಸ್‌ವರ್ಡ್ ಉಳಿಸಿಡೋ ಸೇವ್‌ಕ್ರೆಡ್ ಕೂಡ ನೋಡಿದೆ. ಉಳಿಸಿದ ಅಡ್ಮಿನ್ ಪಾಸ್‌ವರ್ಡ್‌ನಲ್ಲಿ ಆಪರೇಟರ್ ಏನು ಬೇಕಾದರೂ ತೆಗೀಬಹುದು. ಕೈಬಿಟ್ಟೆ.

ಕೊನೆಗೆ ಹೊಂದಿದ ದಾರಿ ಇದು. ಡೇಟಾ ಫೋಲ್ಡರ್ ಡಿ ಡ್ರೈವ್‌ಗೆ ಕಾಪಿ ಮಾಡಿ, ಪ್ರೋಗ್ರಾಂನ ಸೆಟ್ಟಿಂಗ್ ಇರೋ ಐಎನ್‌ಐ ಫೈಲ್‌ನಲ್ಲಿ ಪಾತ್ ಬದಲಿಸಿ. ಪರ್ಮಿಷನ್ ಕೊಡೋ ಐಕ್ಯಾಕಲ್ಸ್ ಕಮಾಂಡ್‌ನಲ್ಲಿ ಆ ಫೋಲ್ಡರ್ ಮೇಲೆ ಯೂಸರ್ಸ್ ಗುಂಪಿಗೆ ಮಾಡಿಫೈ ಕೊಡಿ, ಒಳಗಿನ ಫೈಲ್, ಫೋಲ್ಡರ್‌ಗೂ ಹಕ್ಕು ಇಳಿಸೋ ಓಐ, ಸಿಐ ಎರಡೂ ಸೇರಿಸಿ. ಅವು ಬಿಟ್ಟರೆ ಒಳಗೆ ಹೊಸದಾಗಿ ಹುಟ್ಟೋ ಫೈಲ್‌ಗೆ ಹತ್ತಲ್ಲ. ಫುಲ್ ಕಂಟ್ರೋಲ್ ಬೇಡ.

ವರ್ಚುವಲ್‌ಸ್ಟೋರ್‌ನ ಹಳೇ ಕಾಪಿಗಳನ್ನು, ಐಎನ್‌ಐ ಸಮೇತ, ಬೇರೆ ಕಡೆ ಸರಿಸಲೇಬೇಕು. ಇಲ್ಲದಿದ್ದರೆ ಪ್ರೋಗ್ರಾಂ ಮೊದಲು ಅದನ್ನೇ ಓದುತ್ತೆ, ಬದಲಿಸಿದ ಪಾತ್ ಕಣ್ಣಿಗೇ ಬೀಳಲ್ಲ. ಮೂರು ಎಂಡಿಬಿ ಒಂದು ಮಾಡಿ ಚೀಟಿ ನಂಬರ್ ಹೊಂದಿಸೋ ಕ್ವೆರಿ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ಇನ್ನೂ ಎಲ್ಲಿ ತಡೆಯುತ್ತೆ ಅಂತ ಹುಡುಕೋಕೆ ಪ್ರೋಗ್ರಾಂ ಮುಟ್ಟೋ ಫೈಲ್, ರಿಜಿಸ್ಟ್ರಿ ಎಲ್ಲ ತೋರಿಸೋ ಪ್ರೊಸೆಸ್ ಮಾನಿಟರ್ ಹಾಕಿ, ರಿಸಲ್ಟ್ ಆಕ್ಸೆಸ್ ಡಿನೈಡ್ ಅಂತ ಫಿಲ್ಟರ್ ಇಡಿ. ಅದಕ್ಕೆ ಮುಂಚೆ ವಿಂಡೋಸ್ ಸೆಕ್ಯುರಿಟಿ ಪಾಲಿಸಿಯಲ್ಲಿ ಯುಎಸಿ ವರ್ಚುವಲೈಸೇಷನ್ (ಸದ್ದಿಲ್ಲದೆ ವರ್ಚುವಲ್‌ಸ್ಟೋರ್‌ಗೆ ತಿರುಗಿಸೋದು) ಆಫ್ ಮಾಡಿ, ಆಗಲೇ ತಪ್ಪು ಮುಖ ತೋರಿಸೋದು. ನನಗೆ ಸಿಕ್ಕಿದ್ದು ವಿಂಡೋಸ್ ರಿಜಿಸ್ಟ್ರಿಯ ಎಚ್‌ಕೆಎಲ್‌ಎಂ ಕೆಳಗೆ, ತೂಕದ ಯಂತ್ರ ಸಿಕ್ಕಿಸೋ ಕಾಂ ಪೋರ್ಟ್ ನಂಬರ್ ಬರೆಯೋ ಒಂದು ಕೀ. ಆ ಕೀಗೆ ಮಾತ್ರ ಯೂಸರ್ಸ್‌ಗೆ ಬರೆಯೋ ಹಕ್ಕು ಕೊಟ್ಟೆ. ಪ್ರೋಗ್ರಾಂನ ಇಎಕ್ಸ್‌ಇ ಫೈಲ್ ಇರೋ ಫೋಲ್ಡರ್‌ನ ಪರ್ಮಿಷನ್ ಮುಟ್ಟಲಿಲ್ಲ. ಲಾರಿ ಡ್ರೈವರ್‌ಗಳ ಹಾಡಿನ ಪೆನ್‌ಡ್ರೈವ್ ಆ ಕಂಪ್ಯೂಟರ್‌ಗೇ ಬಂದು ಬೀಳೋದು, ಅದರ ವೈರಸ್ ಪ್ರೋಗ್ರಾಂನೇ ತಿದ್ದಬಾರದು ನೋಡಿ.